ತುಮಕೂರು ರಸ್ತೆಯ ಜಡಾನಿಲಗಳು: ಟ್ರಾವರ್ಸ್‌ರಿಂದ ಪೀಣ್ಯದ ಆರ್ಗಾನ್ ಸಿಲಿಂಡರಿನವರೆಗೆ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದರ ಚರಿತ್ರೆ ಬರೆಯುವವರು ಜಮ್‌ಶೆಟ್‌ಜಿ ಟಾಟಾ ಅವರ ದಾನವನ್ನೂ ಮೈಸೂರು ಸಂಸ್ಥಾನ 1907ರಲ್ಲಿ ಕೊಟ್ಟ 371 ಎಕರೆ ಭೂಮಿಯನ್ನೂ ಮರೆಯುವುದಿಲ್ಲ. ಮೊದಲ ನಿರ್ದೇಶಕರ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿದುಬಿಡುತ್ತದೆ. ಆ ಮಾರಿಸ್ ಟ್ರಾವರ್ಸ್ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಮೂಲವಸ್ತುಗಳನ್ನು ಪತ್ತೆ ಹಚ್ಚಿದ ಇಬ್ಬರಲ್ಲಿ ಒಬ್ಬರು. ಅವರು ಕಟ್ಟಿದ ಸಂಸ್ಥೆಯಿಂದ ಕೆಲವೇ ಕಿಲೋಮೀಟರ್ ದೂರದ ಪೀಣ್ಯದಲ್ಲಿ ಅದೇ ಜಡಾನಿಲ ಕುಟುಂಬದ ಇನ್ನೊಂದು ಅನಿಲವಾದ ಆರ್ಗಾನನ್ನು ಕಾರ್ಮಿಕರು ದಿನಬೆಳಗಾದರೆ ಬಳಸುತ್ತಾರೆ. ಅನಿಲಗಳ ನಡವಳಿಕೆ, ರಾಸಾಯನಿಕ ಬಂಧ ಎಂಬ ಎರಡು ಪಾಠಗಳ ಇತಿಹಾಸ ತುಮಕೂರು ರಸ್ತೆಯ ಆಸುಪಾಸಿನಲ್ಲೇ ಹರಡಿಕೊಂಡಿದೆ.

ಕಥೆಯ ಬುಡ ಇಂಗ್ಲೆಂಡಿನಲ್ಲಿದೆ. ಗಾಳಿಯಿಂದ ಬೇರ್ಪಡಿಸಿದ ನೈಟ್ರೋಜನ್, ರಾಸಾಯನಿಕ ವಸ್ತುಗಳಿಂದ ತಯಾರಿಸಿದ ನೈಟ್ರೋಜನ್ನಿಗಿಂತ ಸುಮಾರು ಅರ್ಧ ಪ್ರತಿಶತ ಹೆಚ್ಚು ತೂಗುತ್ತದೆ ಎಂಬುದು ಲಾರ್ಡ್ ರ್‍ಯಾಲೆ ಅವರ ಗಮನಕ್ಕೆ ಬಂತು. ಅಷ್ಟು ಸಣ್ಣ ವ್ಯತ್ಯಾಸವನ್ನು ತಕ್ಕಡಿಯ ದೋಷವೆಂದು ತಳ್ಳಿಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವಿಲಿಯಂ ರ್‍ಯಾಮ್ಸೆ ಗಾಳಿಯ ನೈಟ್ರೋಜನ್ನನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಲೋಹ ನೈಟ್ರೋಜನ್ನನ್ನು ಹೀರಿಕೊಂಡ ಮೇಲೂ ಯಾವುದರೊಡನೆಯೂ ಕೂಡದ ಒಂದು ಅನಿಲ ಉಳಿಯಿತು. 1894ರಲ್ಲಿ ಹೀಗೆ ಆರ್ಗಾನ್ ಸಿಕ್ಕಿತು. ವಾತಾವರಣದಲ್ಲಿ ಅದರ ಪಾಲು ಸುಮಾರು ಶೇ. 0.93.

ಉಳಿದ ಮೂರನ್ನು ಹುಡುಕಲು ಬೇರೆ ಉಪಾಯ ಬೇಕಾಯಿತು: ಗಾಳಿಯನ್ನೇ ದ್ರವವಾಗಿಸುವುದು. ಅಣುಗಳು ಪರಸ್ಪರ ಸೆಳೆಯುವುದೇ ಇಲ್ಲ ಎಂದು ಆದರ್ಶ ಅನಿಲದ ನಿಯಮ ಭಾವಿಸುತ್ತದೆ. ನಿಜವಾದ ಅನಿಲದಲ್ಲಿ ಸ್ವಲ್ಪ ಸೆಳೆತ ಇದ್ದೇ ಇರುತ್ತದೆ. ಒತ್ತಿ ತುಂಬಿದ ಗಾಳಿಯನ್ನು ಕಿರಿದಾದ ಕಂಡಿಯಿಂದ ಬಿಟ್ಟರೆ ಅಣುಗಳು ಈ ಸೆಳೆತವನ್ನು ಮೀರಿ ದೂರ ಸರಿಯಬೇಕಾಗುತ್ತದೆ. ಆ ಶ್ರಮಕ್ಕೆ ತಮ್ಮದೇ ಶಾಖ ಖರ್ಚಾಗಿ ಗಾಳಿ ತಣ್ಣಗಾಗುತ್ತದೆ. ವಿಲಿಯಂ ಹ್ಯಾಂಪ್ಸನ್ ಅವರ ಯಂತ್ರ ಇದೇ ತತ್ತ್ವದಿಂದ ಗಾಳಿಯನ್ನು ದ್ರವವಾಗಿಸಿತು. ಆ ದ್ರವವನ್ನು ನಿಧಾನವಾಗಿ ಆವಿಯಾಗಿಸಿ, ಒಂದೊಂದೇ ಭಾಗವನ್ನು ಬೇರ್ಪಡಿಸಿ, ರ್‍ಯಾಮ್ಸೆ ಮತ್ತು 26 ವರ್ಷದ ಟ್ರಾವರ್ಸ್ 1898ರ ಮೇ ಕೊನೆಯಿಂದ ಜುಲೈವರೆಗಿನ ಕೆಲವೇ ವಾರಗಳಲ್ಲಿ ಮೂರೂ ಅನಿಲಗಳನ್ನು ಕಂಡರು. ಪರಮಾಣು ದೊಡ್ಡದಾದಷ್ಟೂ ಸೆಳೆತ ಬಲಿಯುತ್ತದೆ. ನಿಯಾನ್ −246 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಕ್ಸೆನಾನ್ −108ರಲ್ಲಿ ಕುದಿಯುತ್ತದೆ. ಈ ಅಂತರವೇ ಅವುಗಳನ್ನು ಬೇರ್ಪಡಿಸಲು ದಾರಿಯಾಯಿತು.

ಟಾಟಾ ಅವರ ಕೋರಿಕೆಯಂತೆ ರ್‍ಯಾಮ್ಸೆ 1900–01ರಲ್ಲಿ ಭಾರತ ಸುತ್ತಿ, ಹೊಸ ಸಂಸ್ಥೆಗೆ ಬೆಂಗಳೂರು ತಕ್ಕ ಜಾಗ ಎಂದು ಸೂಚಿಸಿದರು. 1906ರಲ್ಲಿ ಅವರ ಶಿಷ್ಯ ಟ್ರಾವರ್ಸ್ ನಿರ್ದೇಶಕರಾಗಿ ನೇಮಕಗೊಂಡರು. 1909ರಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಆರಂಭದ ವಿಭಾಗಗಳಲ್ಲಿ ರಸಾಯನಶಾಸ್ತ್ರದ್ದೇ ಮೇಲುಗೈ. ಟ್ರಾವರ್ಸ್ 1914ರಲ್ಲಿ ಹುದ್ದೆ ಬಿಟ್ಟು ಹೊರಟರು.

ಅವರು ಹೊರಟಾಗಲೂ ಜಡಾನಿಲಗಳು ಏಕೆ ಜಡ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರವಿರಲಿಲ್ಲ. 1916ರಲ್ಲಿ ಗಿಲ್ಬರ್ಟ್ ಲೂಯಿಸ್, ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಳ್ಳುವುದೇ ಬಂಧ ಎಂದು ವಿವರಿಸಿದರು. ಆರ್ಗಾನ್‌ನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್‌ಗಳು ಮೊದಲೇ ತುಂಬಿವೆ. ಅದಕ್ಕೆ ಕೊಡುವ, ಪಡೆಯುವ ಅಥವಾ ಹಂಚಿಕೊಳ್ಳುವ ಅಗತ್ಯವಿಲ್ಲ.

ಪೀಣ್ಯದ ಶೆಡ್ಡುಗಳಲ್ಲಿ ಈ ಮಾತಿಗೆ ಕಣ್ಣೆದುರಿನ ಸಾಕ್ಷಿ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಬೆಸೆಯುವ ಟಿಗ್ ವಿಧಾನವನ್ನು ಅಲ್ಲಿ ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ; ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್ ಅದನ್ನು ಮುಚ್ಚಿ ಕಾಯುತ್ತದೆ. ಗಾಳಿಯಲ್ಲಿ ಶೇ. 78ರಷ್ಟಿರುವ ಅಗ್ಗದ ನೈಟ್ರೋಜನ್ ಈ ಕೆಲಸಕ್ಕೆ ಏಕಾಗದು? ಅದರ ಎರಡು ಪರಮಾಣುಗಳನ್ನು ಹಿಡಿದಿರುವ ತ್ರಿಬಂಧ ಬಹಳ ಗಟ್ಟಿ ನಿಜ. ಆದರೆ ಆರ್ಕ್‌ನ ಉರಿಯಲ್ಲಿ ಅದೂ ಮುರಿದು, ಬಿಡಿ ಪರಮಾಣುಗಳು ಕರಗಿದ ಲೋಹದೊಳಗೆ ಸೇರಿ ಬೆಸುಗೆಯನ್ನು ಕೆಡಿಸುತ್ತವೆ. ಆರ್ಗಾನ್‌ನಲ್ಲಿ ಮುರಿಯಲು ಬಂಧವೇ ಇಲ್ಲ.

ಸಿಲಿಂಡರಿನದೂ ಒಂದು ಪಾಠ. ಸಾಮಾನ್ಯ ಆರ್ಗಾನ್ ಸಿಲಿಂಡರಿನ ಒಳಗಾತ್ರ ಸುಮಾರು 47 ಲೀಟರ್. ಅದರಲ್ಲಿ ಅನಿಲವನ್ನು ಸುಮಾರು 150 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ ಇವೆರಡನ್ನೂ ಗುಣಿಸಿದರೆ ಹೊರಗಿನ ಸಾಮಾನ್ಯ ಒತ್ತಡದಲ್ಲಿ ಸುಮಾರು 7,000 ಲೀಟರ್, ಅಂದರೆ 7 ಘನ ಮೀಟರ್. ವ್ಯಾಪಾರಿಗಳು ಅದನ್ನು ಮಾರುವುದೂ ಅದೇ ಅಳತೆಯಲ್ಲಿ. ಗೇಜಿನ ಮುಳ್ಳು ಅರ್ಧಕ್ಕೆ ಇಳಿದರೆ ಅನಿಲವೂ ಹೆಚ್ಚುಕಡಿಮೆ ಅರ್ಧ ಉಳಿದಿದೆ ಎಂದರ್ಥ. ಪಕ್ಕದಲ್ಲಿ ನಿಂತ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಈ ಲೆಕ್ಕ ಹೊಂದದು. ಪ್ರತಿ ಅನಿಲಕ್ಕೂ ಒಂದು ತಾಪದ ಮಿತಿಯಿದ್ದು, ಅದಕ್ಕಿಂತ ಮೇಲೆ ಎಷ್ಟು ಒತ್ತಿದರೂ ಅದು ದ್ರವವಾಗದು ಎಂದು ಥಾಮಸ್ ಆಂಡ್ರ್ಯೂಸ್ 1869ರಲ್ಲಿ ತೋರಿಸಿದರು. ಕಾರ್ಬನ್ ಡೈಆಕ್ಸೈಡಿಗೆ ಆ ಮಿತಿ 31 ಡಿಗ್ರಿ, ಆರ್ಗಾನ್‌ಗೆ −122. ಹೀಗಾಗಿ ಬೆಂಗಳೂರಿನ ಸಾಮಾನ್ಯ ಹವೆಯಲ್ಲಿ ಮೊದಲನೆಯದು ಸಿಲಿಂಡರಿನೊಳಗೆ ಬಹುಪಾಲು ದ್ರವವಾಗಿರುತ್ತದೆ. ಆ ದ್ರವ ಮುಗಿಯುವವರೆಗೂ ಮುಳ್ಳು ಹೆಚ್ಚು ಕದಲುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಮಾಡಲೇಬೇಕು.

ಇದೇ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಉಡಾವಣೆಯಾದ, ಸುಮಾರು 360 ಕಿಲೋ ತೂಕದ ಆ ಉಪಗ್ರಹವನ್ನು ತಿರುಗಿಸಿ ಸ್ಥಿರವಾಗಿಡಲು ಬಳಸಿದ್ದು ಒತ್ತಿ ತುಂಬಿದ ಅನಿಲದ ಚಿಮ್ಮುವಿಕೆಯನ್ನು.

ಅಷ್ಟರಲ್ಲಿ ಬಂಧದ ಪಾಠವೂ ತಿದ್ದುಪಡಿಯಾಗಿತ್ತು. 1962ರ ಮಾರ್ಚ್ 23ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ನೀಲ್ ಬಾರ್ಟ್ಲೆಟ್, ಆಕ್ಸಿಜನ್ ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾಗುವಷ್ಟೇ ಶಕ್ತಿ, ಸುಮಾರು 12.1 ಎಲೆಕ್ಟ್ರಾನ್ ವೋಲ್ಟ್, ಕ್ಸೆನಾನ್‌ಗೂ ಸಾಕು ಎಂಬುದನ್ನು ಆಧಾರವಾಗಿಟ್ಟುಕೊಂಡು ಆಕ್ಸಿಜನ್ನಿನ ಎಲೆಕ್ಟ್ರಾನನ್ನೂ ಕೀಳಬಲ್ಲ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೊತೆ ಕ್ಸೆನಾನನ್ನು ಕೂಡಿಸಿದರು. ಹಳದಿ ಬಣ್ಣದ ಘನವಸ್ತು ಮೂಡಿತು. ಜಡಾನಿಲವೂ ಬಂಧಕ್ಕೆ ಒಳಗಾಯಿತು. ಟ್ರಾವರ್ಸ್ ಅದನ್ನು ನೋಡಲಿಲ್ಲ, ಏಳು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು.

ಕ್ಸೆನಾನ್‌ನಿಂದ ಎಲೆಕ್ಟ್ರಾನ್ ಸುಲಭವಾಗಿ ಕಳಚುತ್ತದೆ, ಪರಮಾಣುವೂ ಭಾರ. ಇಸ್ರೋಗೆ ಅದು ಬೇಕಾದದ್ದು ಈ ಗುಣಗಳಿಗಾಗಿಯೇ. ಕ್ಸೆನಾನ್ ನೂಕುಯಂತ್ರಗಳಿದ್ದ ಜಿಸ್ಯಾಟ್-4, 2010ರಲ್ಲಿ ರಾಕೆಟ್ ವಿಫಲವಾಗಿ ನಷ್ಟವಾಯಿತು. 2017ರ ಮೇ 5ರಂದು ಕಕ್ಷೆ ಸೇರಿದ ಜಿಸ್ಯಾಟ್-9ರಲ್ಲಿ ವಿದ್ಯುತ್ ಕ್ಷೇತ್ರ ಕ್ಸೆನಾನ್ ಅಯಾನುಗಳನ್ನು ಹೊರಚಿಮ್ಮಿಸಿ ಉಪಗ್ರಹವನ್ನು ನೂಕಿತು.

ಇಷ್ಟೆಲ್ಲದರ ಗುರುತು ಊರಿನಲ್ಲೇ ಇದ್ದರೂ ಪಿಯು ವಿದ್ಯಾರ್ಥಿಗೆ ಜಡಾನಿಲ ಎಂದರೆ ಆವರ್ತ ಕೋಷ್ಟಕದ ಕೊನೆಯ ಕಂಬ ಮಾತ್ರ. ಪೀಣ್ಯ, ಯಶವಂತಪುರ ಸುತ್ತಿನ ಕಾಲೇಜುಗಳ ಉಪನ್ಯಾಸಕರು ಮಕ್ಕಳನ್ನು ಒಮ್ಮೆಯಾದರೂ ವೆಲ್ಡಿಂಗ್ ಶೆಡ್ಡಿಗೆ ಕರೆದೊಯ್ಯಲಿ. ಬಾಯ್ಲ್ ನಿಯಮದ ಲೆಕ್ಕವನ್ನು ಗೇಜಿನ ಮುಂದೆಯೇ ಮಾಡಿಸಲಿ, ಟ್ರಾವರ್ಸ್ ಹೆಸರನ್ನು ಅಲ್ಲಿಯೇ ಹೇಳಲಿ.