ಪ್ಯಾಟರ್ಸನ್: ರೈಲಿನಿಂದ ವಿಮಾನಕ್ಕೆ

ನ್ಯೂಜೆರ್ಸಿಯ ಪ್ಯಾಟರ್ಸನ್ ಎಂದರೆ ಅಮೆರಿಕದವರಿಗೆ ನೆನಪಾಗುವುದು ರೇಷ್ಮೆ ಮತ್ತು 1913ರ ನೇಕಾರರ ದೊಡ್ಡ ಮುಷ್ಕರ. ಊರಿನ ಇನ್ನೊಂದು ಕಥೆ ಕಬ್ಬಿಣದ್ದು. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇಲ್ಲಿ ಪಸಾಯಿಕ್ ನದಿ 77 ಅಡಿ ಧುಮುಕುತ್ತದೆ. ಜೋಗ ಕಂಡವರಿಗೆ ಇದೇನು ಎತ್ತರವಲ್ಲ. ಆದರೂ 1791ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬೆಂಬಲದಿಂದ ಹುಟ್ಟಿದ ಕಂಪನಿಯೊಂದು ಈ ನೀರನ್ನು ಕಾಲುವೆಗಳಿಗೆ ತಿರುಗಿಸಿ ಗಿರಣಿಗಳಿಗೆ ಒದಗಿಸಿತು. ಗಿರಣಿ ಬಂದಲ್ಲಿ ಯಂತ್ರ ಕಟ್ಟುವವರೂ ರಿಪೇರಿ ಮಾಡುವವರೂ ಬೇಕಲ್ಲ! ಹತ್ತಿಗಿರಣಿಗೆ ಯಂತ್ರ ಮಾಡುತ್ತಿದ್ದ ಥಾಮಸ್ ರೋಜರ್ಸ್ 1837ರಲ್ಲಿ 'ಸ್ಯಾಂಡಸ್ಕಿ' ಎಂಬ ಉಗಿಬಂಡಿ ಕಟ್ಟಿದ. ಅದಕ್ಕೂ ಒಂದು ವರ್ಷ ಮೊದಲು ಸ್ಯಾಮ್ಯುಯೆಲ್ ಕೋಲ್ಟ್ ಇಲ್ಲೇ ರಿವಾಲ್ವರ್ ಕಾರ್ಖಾನೆ ತೆರೆದಿದ್ದ. ಅದು ಹೆಚ್ಚು ದಿನ ನಡೆಯಲಿಲ್ಲ.

ರೋಜರ್ಸ್ ಕಂಪನಿ ಮಾತ್ರ ಬೆಳೆಯುತ್ತಲೇ ಹೋಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪಡೆಯವರು ದಕ್ಷಿಣದವರಿಂದ ಕದ್ದೋಡಿಸಿದ 'ಜನರಲ್' ಎಂಜಿನ್ ಅದರದ್ದೇ. 1869ರಲ್ಲಿ ಯೂಟಾದ ಪ್ರೊಮಾಂಟರಿಯಲ್ಲಿ ಪೂರ್ವ, ಪಶ್ಚಿಮದ ಹಳಿಗಳು ಕೂಡಿದಾಗ ಎದುರುಬದುರು ನಿಂತ ಎರಡು ಎಂಜಿನ್‌ಗಳಲ್ಲಿ ರೈಲು ಕಂಪನಿ ಯೂನಿಯನ್ ಪೆಸಿಫಿಕ್‌ನ 119ನೇ ನಂಬರಿನದೂ ಅದರದ್ದೇ. ತಮಾಷೆಯೆಂದರೆ ಕಾರ್ಖಾನೆಯ ಬಾಗಿಲಿಗೆ ಹಳಿಯೇ ಇರಲಿಲ್ಲ. ಹೊಸ ಎಂಜಿನ್ನನ್ನು ಕುದುರೆಗಳು ಊರ ಬೀದಿಯಲ್ಲಿ ಎಳೆದುಕೊಂಡು ಹೋಗಬೇಕಿತ್ತು. ಎಂಜಿನ್‌ಗಳು ದೊಡ್ಡದಾಗುತ್ತ ಹೋದಂತೆ ಈ ತಮಾಷೆ ದುಬಾರಿಯಾಯಿತು. ಥಾಮಸ್‌ನ ಮಗ ಜೇಕಬ್ ಕಾರ್ಖಾನೆಗೆ ಹೊಸ ಬಂಡವಾಳ ಹಾಕಲು ಮನಸ್ಸು ಮಾಡಲಿಲ್ಲ. 1905ರಲ್ಲಿ ಅದು ಅಮೆರಿಕನ್ ಲೋಕೋಮೋಟಿವ್ ಕಂಪನಿಯ ಪಾಲಾಯಿತು. ಕೆಲವೇ ವರ್ಷಗಳಲ್ಲಿ ಎಂಜಿನ್ ಕಟ್ಟುವುದೂ ನಿಂತಿತು.

ಕಂಪನಿ ಹೋದರೂ ಲೇತು, ಅಳತೆ, ಎರಕ ಬಲ್ಲ ಕೈಗಳು ಊರಲ್ಲಿದ್ದವು. ಮೊದಲ ಮಹಾಯುದ್ಧ ಮುಗಿದ ಮೇಲೆ ವಿಮಾನದ ಎಂಜಿನ್ ಮಾಡುವ ರೈಟ್ ಏರೋನಾಟಿಕಲ್ ಕಂಪನಿ ಇಲ್ಲಿಗೆ ಬಂತು. 1927ರಲ್ಲಿ ವೈಮಾನಿಕ ಲಿಂಡ್‌ಬರ್ಗ್‌ನನ್ನು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಂದೇ ನೆಗೆತಕ್ಕೆ ದಾಟಿಸಿದ್ದು ಅದರ ಒಂಬತ್ತು ಸಿಲಿಂಡರಿನ ವರ್ಲ್‌ವಿಂಡ್. ನೀರಿನ ಬದಲು ಗಾಳಿಯಿಂದಲೇ ತಣಿಯುತ್ತಿದ್ದ ಈ ಎಂಜಿನ್ನಿಗೆ ರೇಡಿಯೇಟರಿನ ಭಾರವಿಲ್ಲ, ಸೋರಿಕೆಯ ಕಾಟವಿಲ್ಲ. 1929ರಲ್ಲಿ ರೈಟ್ ಕಂಪನಿ ಗ್ಲೆನ್ ಕರ್ಟಿಸ್ ಕಟ್ಟಿದ ಕಂಪನಿಯೊಡನೆ ಸೇರಿ ಕರ್ಟಿಸ್-ರೈಟ್ ಆಯಿತು. ಈ ಕರ್ಟಿಸ್ ಮೂಲತಃ ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟಿನ ಸೈಕಲ್ ಅಂಗಡಿಯವ, ಆಮೇಲೆ ಮೋಟಾರ್ ಸೈಕಲ್ ತಯಾರಕ. 1907ರಲ್ಲಿ ಎಂಟು ಸಿಲಿಂಡರಿನ ಬೈಕ್ ಏರಿ ಗಂಟೆಗೆ 136 ಮೈಲಿ ಓಡಿಸಿದ್ದ ಹುಚ್ಚ! ವಿಮಾನಕ್ಕೆ ಹಗುರ ಎಂಜಿನ್ ಬೇಕೆಂದವರು ಅವನನ್ನು ಹುಡುಕಿಕೊಂಡು ಹೋದದ್ದು ಸುಮ್ಮನೆ ಅಲ್ಲ.

ಈ ಕಥೆಯ ಎಳೆ ನಮ್ಮೂರಿಗೂ ಬರುತ್ತದೆ. ಬೆಂಗಳೂರಿನಲ್ಲಿ 1940ರಲ್ಲಿ ಶುರುವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಆರಂಭದಲ್ಲಿ ಜೋಡಿಸಿದ ಯುದ್ಧವಿಮಾನ ಕರ್ಟಿಸ್ ಹಾಕ್. 1942ರಲ್ಲಿ ಹಾರಿದ ಅದರ ಮೂತಿಯಲ್ಲಿದ್ದದ್ದು ರೈಟ್ ಸೈಕ್ಲೋನ್ ಎಂಜಿನ್.

ಎರಡನೆಯ ಮಹಾಯುದ್ಧದಲ್ಲಿ ಸೈಕ್ಲೋನಿಗೆ ಬಂದ ಬೇಡಿಕೆ ಪ್ಯಾಟರ್ಸನ್ನಿನ ಕಾರ್ಖಾನೆಗಳಲ್ಲಿ ಹಿಡಿಸದೆ, ತಯಾರಿಕೆ ಪಕ್ಕದ ವುಡ್‌-ರಿಜ್‌ಗೂ ಹಬ್ಬಿತು. ಆದರೆ ಹೊಸದಕ್ಕೆ ಹಣ ಹಾಕದ ಜೇಕಬ್ ರೋಜರ್ಸ್ ಮಾಡಿದ ತಪ್ಪನ್ನೇ ಇವರೂ ಮಾಡಿದರು. ಜೆಟ್ ಯುಗ ಕಣ್ಣೆದುರಿಗೇ ಇದ್ದರೂ ಕಂಪನಿ ಪಿಸ್ಟನ್ ಎಂಜಿನ್ನಿಗೇ ಜೋತುಬಿದ್ದಿತು. ಕೊನೆಗೆ ಜೆಟ್ ಬೇಕಾದಾಗ ಬ್ರಿಟನ್ನಿನ ಆರ್ಮ್‌ಸ್ಟ್ರಾಂಗ್ ಸಿಡ್ಲೆಯ 'ಸಫೈರ್' ವಿನ್ಯಾಸವನ್ನು ಲೈಸೆನ್ಸಿನ ಮೇಲೆ ಪಡೆದು, ಅದಕ್ಕೆ ಜೆ65 ಎಂದು ಹೆಸರಿಟ್ಟು ತಯಾರಿಸಬೇಕಾಯಿತು. ಅಷ್ಟರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ, ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಬಹಳ ಮುಂದೆ ಹೋಗಿದ್ದವು.