ಹೈಸ್ಕೂಲಿನ ಅಂಗಳದಲ್ಲೇ ಕಾಲೇಜು

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ತುಮಕೂರಿನ ಜೊತೆಗೆ ಮಧುಗಿರಿ ಎಂಬ ಇನ್ನೊಂದು ಜಿಲ್ಲೆಯೂ ಕಾಣುತ್ತದೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅಂಥದೊಂದು ಜಿಲ್ಲೆಯಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ರಚಿಸಿಕೊಂಡ ‘ಶೈಕ್ಷಣಿಕ ಜಿಲ್ಲೆ’ ಅದು. ಆದರೆ ದ್ವಿತೀಯ ಪಿಯುಸಿ ಪಟ್ಟಿಯಲ್ಲಿ ಮಧುಗಿರಿಯ ಹೆಸರಿರುವುದಿಲ್ಲ. ನಾಲ್ಕೂ ತಾಲ್ಲೂಕುಗಳು ತುಮಕೂರಿನೊಳಗೆ ಸೇರಿಹೋಗಿರುತ್ತವೆ. ಹತ್ತನೆಯ ತರಗತಿಗೂ ಹನ್ನೊಂದನೆಯದಕ್ಕೂ ನಡುವೆ ನಮ್ಮ ವ್ಯವಸ್ಥೆ ಎಳೆದಿರುವ ಗೆರೆಗೆ ಇದೊಂದು ಸಣ್ಣ ಸಾಕ್ಷಿ.

ಈ ಗೆರೆ ಎಲ್ಲ ದೇಶಗಳಲ್ಲೂ ಇಲ್ಲ. ಇಂಗ್ಲೆಂಡಿನ ಅನೇಕ ಪ್ರೌಢಶಾಲೆಗಳು ಕೊನೆಯ ಎರಡು ವರ್ಷಗಳನ್ನು ‘ಸಿಕ್ಸ್ತ್ ಫಾರ್ಮ್’ ಎಂದು ತಮ್ಮಲ್ಲೇ ಇಟ್ಟುಕೊಂಡಿವೆ. ತರಗತಿಗೆ ಅಲ್ಲಿನ ಹಳೆಯ ಹೆಸರು ‘ಫಾರ್ಮ್’; ಆರನೆಯದು ಕೊನೆಯದು. ಅಂಥ ಶಾಲೆಯಲ್ಲಿ ಹದಿನಾರು ತುಂಬಿದವರು ಅದೇ ಗುರುಗಳ ಕಣ್ಣಳತೆಯಲ್ಲಿ ಹದಿನೆಂಟರವರೆಗೆ ಓದಬಹುದು.

ಮೈಸೂರು ಸಂಸ್ಥಾನವೂ ಒಮ್ಮೆ ಇಂಥದೇ ದಾರಿ ಹಿಡಿದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಪದವಿಗೆ ಮುಂಚಿನ ಪ್ರವೇಶ ತರಗತಿಯನ್ನು ಆಯ್ದ ಕೆಲವು ಹೈಸ್ಕೂಲುಗಳಲ್ಲೇ ನಡೆಸಲಾಗುತ್ತಿತ್ತು. ಅವಕ್ಕೆ ಕಾಲೇಜಿಯೇಟ್ ಹೈಸ್ಕೂಲುಗಳೆಂದು ಹೆಸರು. ಮುಂದೆ ಎರಡು ವರ್ಷದ ಇಂಟರ್ಮೀಡಿಯೆಟ್ ಬಂತು. ಅದನ್ನು ಓದಲು ಕಾಲೇಜಿರುವ ಊರಿಗೇ ಹೋಗಬೇಕಾಯಿತು. ದೂರದ ತಾಲ್ಲೂಕಿನ ರೈತನ ಮಗನಿಗೆ ಇದರರ್ಥ ಪಟ್ಟಣದಲ್ಲಿ ಬಾಡಿಗೆ ಕೋಣೆ, ಜಾತಿಯ ಹಾಸ್ಟೆಲ್ಲು ಇಲ್ಲವೇ ವಾರಾನ್ನ. ಮಗಳಿಗಂತೂ ಓದು ಅಲ್ಲಿಗೇ ಮುಗಿಯುವುದು ಸಾಮಾನ್ಯವಾಗಿತ್ತು.

ಸ್ವಾತಂತ್ರ್ಯಾನಂತರ ಇಂಟರ್ಮೀಡಿಯೆಟ್ ಹೋಗಿ ಒಂದು ವರ್ಷದ ಪಿಯುಸಿ ಬಂತು. 1964-66ರ ಕೊಠಾರಿ ಆಯೋಗ ಶಾಲಾ ಶಿಕ್ಷಣಕ್ಕೆ ಹತ್ತರ ಮೇಲೆ ಎರಡು ವರ್ಷ ಸೇರಬೇಕೆಂದು ಶಿಫಾರಸು ಮಾಡಿತು. ಕರ್ನಾಟಕದಲ್ಲಿ 1971-72ರಿಂದ ಎರಡು ವರ್ಷದ ಪಿಯುಸಿ ಆರಂಭವಾಯಿತು. ಆಗ ಬಡ ತಾಲ್ಲೂಕುಗಳಿಗೆ ಒದಗಿಬಂದದ್ದು ಮಿತವ್ಯಯದ ಉಪಾಯ. ಹೊಸ ಕಾಲೇಜು ಕಟ್ಟುವ ಬದಲು ಇದ್ದ ಹೈಸ್ಕೂಲಿನ ಆವರಣದಲ್ಲೇ ಇನ್ನೆರಡು ತರಗತಿ ಸೇರಿಸುವುದು. ಜನ ಅದನ್ನು ಜೂನಿಯರ್ ಕಾಲೇಜು ಎಂದರು. ‘ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ’ ಎಂಬ ನಾಮಫಲಕಗಳು ಆ ಕೂಡುಕುಟುಂಬದ ನೆನಪನ್ನು ಇನ್ನೂ ಹೊತ್ತಿವೆ.

ಸಹಶಿಕ್ಷಣವೂ ಬಹುಮಟ್ಟಿಗೆ ಹೀಗೆಯೇ ಬಂದದ್ದು. ರಾಜಧಾನಿ ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆದಿತ್ತು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಒಂದು ಹೈಸ್ಕೂಲು ಸಿಕ್ಕಿದ್ದೇ ಭಾಗ್ಯವೆಂಬಂಥ ಊರುಗಳಲ್ಲಿ ಎರಡನೆಯದರ ಮಾತೆಲ್ಲಿ? ಹುಡುಗ ಹುಡುಗಿಯರು ಒಂದೇ ಕೊಠಡಿಯಲ್ಲಿ, ಬೇರೆ ಬೇರೆ ಸಾಲುಗಳಲ್ಲಿ ಕುಳಿತರು. ತತ್ವವಾಗಿ ಒಪ್ಪದ ಮನೆಗಳೂ ಅನಿವಾರ್ಯವೆಂದು ಒಪ್ಪಿದವು. ಅನಿವಾರ್ಯವೇ ನಿಧಾನವಾಗಿ ರೂಢಿಯಾಯಿತು.

ಈ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆಯ ಸೀಮೆ; ಕಡಲೆಕಾಯಿ, ರಾಗಿ ನಂಬಿದ ಬದುಕು. ಆದರೂ ನಾಲ್ಕರ ಸ್ಥಿತಿ ಒಂದೇ ಅಲ್ಲ. ಕೊರಟಗೆರೆಗೆ ತುಮಕೂರು ಹತ್ತಿರ. ಶಿರಾ ಹೆದ್ದಾರಿಯ ಮೇಲಿದೆ. ಪಾವಗಡವಾದರೋ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದು, ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಬಹಳ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಪಾಠ ಬಹುತೇಕ ಇಂಗ್ಲಿಷಿನಲ್ಲಿ. ಹದಿನಾರನೆಯ ವಯಸ್ಸಿಗೆ ಅವರು ಮೂರನೆಯ ಭಾಷೆಯಲ್ಲಿ ಭೌತವಿಜ್ಞಾನ ಕಲಿಯಬೇಕು. ಚುರುಕಾದ ಮಕ್ಕಳೂ ಕಲಾ ವಿಭಾಗದತ್ತ ತಿರುಗಲು, ಪ್ರಥಮ ಪಿಯುಸಿಯಲ್ಲೇ ನಿಂತುಬಿಡಲು ಇದೂ ಒಂದು ಕಾರಣ.

ಗೋಡೆ ಒಂದೇ ಆದರೂ ಗೆರೆ ಅಳಿಯಲಿಲ್ಲ. ಅದೇ ಆವರಣದಲ್ಲಿ ಪಕ್ಕದ ಕಟ್ಟಡಕ್ಕೆ ಹೋಗಲು ವಿದ್ಯಾರ್ಥಿ ವರ್ಗಾವಣೆ ಪತ್ರ ಪಡೆದು, ಹೊಸದಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ಮಗಳ ಓದಿನ ಬಗ್ಗೆ ಮನೆಯಲ್ಲಿ ಮರುವಿಚಾರ ನಡೆಯುವುದು ಸರಿಯಾಗಿ ಆ ಬಿಡುವಿನಲ್ಲೇ. ಕಾನೂನೂ ಅಲ್ಲಿ ಕೈಹಿಡಿಯುವುದಿಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ 2015ರಿಂದ ಹದಿನೆಂಟರವರೆಗೆ ಓದು ಅಥವಾ ತರಬೇತಿಯಲ್ಲಿ ಇರಲೇಬೇಕೆಂಬ ನಿಯಮವಿದೆ.

ಗೆರೆ ಅಳಿಸುವ ಯತ್ನಗಳು ನಡೆದಿವೆ. ಕರ್ನಾಟಕ ಪಬ್ಲಿಕ್ ಶಾಲೆಗಳು ಮೊದಲ ತರಗತಿಯಿಂದ ಹನ್ನೆರಡರವರೆಗೆ ಒಂದೇ ಸಂಸ್ಥೆಯಲ್ಲಿ ಕಲಿಸುವ ಉದ್ದೇಶದವು. 2022ರ ತಿದ್ದುಪಡಿಯ ನಂತರ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೆರಡೂ ಒಂದೇ ಮಂಡಲಿಗೆ ಬಂದವು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ, ಹಳ್ಳಿಯ ಹುಡುಗಿ ಟಿಕೆಟ್ ದುಡ್ಡಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬರಬಹುದಾಯಿತು. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕಷ್ಟೆ.

ಐವತ್ತು ವರ್ಷಗಳ ಹಿಂದೆ ಹಣವಿಲ್ಲದೆ ಹೂಡಿದ ಉಪಾಯವೇ ಈ ಸೀಮೆಗೆ ತಕ್ಕ ವ್ಯವಸ್ಥೆಯಾಗಿತ್ತು: ಊರ ಹತ್ತಿರ, ಪರಿಚಿತ ಅಂಗಳದಲ್ಲಿ, ಗಂಡು ಹೆಣ್ಣಿಗೆ ಒಟ್ಟಿಗೆ. ಮಾರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ಬರೆದ ಹುಡುಗಿ ಜೂನ್‌ನಲ್ಲಿ ಅದೇ ಗೇಟಿನೊಳಗೆ ಮತ್ತೆ ಬಂದಳೇ ಎಂಬುದು ಯಾವ ಶೇಕಡಾವಾರು ಫಲಿತಾಂಶಕ್ಕಿಂತಲೂ ದೊಡ್ಡ ಪ್ರಶ್ನೆ.