ಹೆಂಡದಂಗಡಿಯವನ ಟ್ಯುಲಿಪ್ ಗೆಡ್ಡೆಗಳು: ಗಿಡ ಮಾರಿ ದುಡಿಯೋಕೆ ಹೊರಟವರ ಹಳೇ ಲೆಕ್ಕ

ಭಾಗ 1/5 🌷

1637ರ ಫೆಬ್ರವರಿ 5. ಹಾಲೆಂಡಿನ ಆಲ್ಕ್‌ಮಾರ್ ಅನ್ನೋ ಊರಲ್ಲಿ ಒಂದು ಹರಾಜು. ಹರಾಜಿಗೆ ಬಂದಿದ್ದು ಟ್ಯುಲಿಪ್ ಹೂವಿನ ಗೆಡ್ಡೆಗಳು.

ಅವು ವೌಟರ್ ವಿಂಕೆಲ್ ಅನ್ನೋನಿಗೆ ಸೇರಿದ್ದವು. ಅವನ ಕಸುಬು ಹೆಂಡದಂಗಡಿ ನಡೆಸೋದು. ಟ್ಯುಲಿಪ್ ಬೆಳೆಸೋದು ಅದರ ಜೊತೆಗೆ ಹತ್ತಿದ ಹುಚ್ಚು. ಹಿಂದಿನ ವರ್ಷ ಅವನು ತೀರಿಕೊಂಡಿದ್ದ. ಹೆಂಡತಿ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದಿದ್ದು ಏಳು ಮಕ್ಕಳು. ಅನಾಥ ಮಕ್ಕಳ ಆಸ್ತಿ ನೋಡಿಕೊಳ್ಳೋಕೆ ಊರಲ್ಲಿದ್ದ ಅಧಿಕಾರಿಗಳು ಆ ಗೆಡ್ಡೆಗಳನ್ನ ಹರಾಜಿಗೆ ಇಟ್ಟರು.

ಒಟ್ಟು ಕೂಗಿದ ಬೆಲೆ ಸುಮಾರು 90,000 ಗಿಲ್ಡರ್. 'ವೈಸ್‌ರಾಯ್' ಅನ್ನೋ ತಳಿಯ ಒಂದೇ ಒಂದು ಗೆಡ್ಡೆಗೆ 4,203 ಗಿಲ್ಡರ್. ಆಗ ಕೆಲಸ ಬಲ್ಲ ಒಬ್ಬ ಬಡಗಿ ವರ್ಷಪೂರ್ತಿ ದುಡಿದರೆ ಸಿಗ್ತಿದ್ದದ್ದು ಹೆಚ್ಚುಕಡಿಮೆ 300 ಗಿಲ್ಡರ್. ಅಂದ್ರೆ ಈರುಳ್ಳಿ ಗಾತ್ರದ ಒಂದು ಗೆಡ್ಡೆಗೆ 14 ವರ್ಷದ ಕೂಲಿ!

ಟೆರೇಸಲ್ಲಿ ನಾಲ್ಕು ಕುಂಡ ಇಟ್ಟು, "ಇದರಿಂದ ತಿಂಗಳಿಗೆ ಒಂದಿಷ್ಟು ಕಾಸು ಬಂದ್ರೆ ಚೆನ್ನಾಗಿರುತ್ತಲ್ವಾ" ಅಂತ ಯೋಚಿಸ್ತಿರೋ ನಿಮಗೇ ಈ ಕಥೆ. ನಾನೂ ಮನಿ ಪ್ಲಾಂಟ್ ಕಟಿಂಗ್ ಬೇರು ಬರಿಸಿ ಕ್ಲಾಸ್‌ಮೇಟ್ಸ್‌ಗೆ ಮಾರಿ ಬಸ್ ಪಾಸಿನ ದುಡ್ಡು ಮಾಡಿಕೊಳ್ಳೋಳು. ಹಾಗಾಗಿ ವಿಂಕೆಲ್ ನನಗೆ ದೂರದವನು ಅನ್ನಿಸಲ್ಲ.

ಭಾಗ 2/5

ಮೊದಲು ಹವ್ಯಾಸ ವ್ಯಾಪಾರ ಆಗಿದ್ದು ಹೇಗೆ ನೋಡಿ.

1593ರಲ್ಲಿ ಕರೋಲಸ್ ಕ್ಲೂಸಿಯಸ್ ಅನ್ನೋ ಸಸ್ಯಶಾಸ್ತ್ರಜ್ಞ ಲೈಡನ್ ವಿಶ್ವವಿದ್ಯಾಲಯದ ತೋಟ ನೋಡಿಕೊಳ್ಳೋಕೆ ಬಂದ. ಟರ್ಕಿ ಕಡೆಯಿಂದ ಯುರೋಪಿಗೆ ಬಂದಿದ್ದ ಟ್ಯುಲಿಪ್ ಮರುವರ್ಷವೇ ಅವನ ತೋಟದಲ್ಲಿ ಅರಳಿತು. ಆಗ ಹೂವಿನ ಹುಚ್ಚಿದ್ದವರು ಗೆಡ್ಡೆಗಳನ್ನ ಮಾರ್ತಿರಲಿಲ್ಲ ಅಂತಲೇ ಹೇಳಬಹುದು. ಸ್ನೇಹಿತರಿಗೆ ಕೊಡೋರು, ಬದಲಿಗೆ ಇನ್ನೊಂದು ಗಿಡ ತಗೊಳ್ಳೋರು. ನಮ್ಮಲ್ಲಿ ಪಕ್ಕದ ಮನೆ ಆಂಟಿ ಹತ್ರ ದಾಸವಾಳದ ಕಡ್ಡಿ ಇಸ್ಕೊಂಡು ಬರ್ತೀವಲ್ಲ, ಥೇಟ್ ಹಾಗೆ. ಕೊಡದೇ ಇದ್ದಾಗ ಕದಿಯೋರೂ ಇದ್ದರು. ಕ್ಲೂಸಿಯಸ್ ತೋಟದಿಂದಲೂ ಗೆಡ್ಡೆಗಳು ಕಳವಾದವು.

ಬೆಲೆ ಏರಿದ್ದಕ್ಕೆ ಕಾರಣ ಗಿಡದ ಸ್ವಭಾವದಲ್ಲೇ ಇತ್ತು. ಆಗ ಎಲ್ಲರಿಗೂ ಬೇಕಿದ್ದದ್ದು ಬಿಳಿ ಅಥವಾ ಹಳದಿ ಎಸಳಿನ ಮೇಲೆ ಕೆಂಪು, ನೇರಳೆ ಜ್ವಾಲೆಯಂಥ ಗೆರೆ ಎಳೆದ ಹೂವು. ಆ ಗೆರೆ ಬರ್ತಿದ್ದದ್ದು ಗಿಡಹೇನು ಹರಡೋ ಒಂದು ವೈರಸ್‌ನಿಂದ. ಇದು ವಿಜ್ಞಾನಿಗಳಿಗೆ ಗೊತ್ತಾಗಿದ್ದು 1920ರ ದಶಕದಲ್ಲಿ. ಆ ಕಾಲದವರಿಗೆ ಮಾತ್ರ ಅದು ಪವಾಡ. ಬೀಜ ಹಾಕಿದರೆ ಹೂ ಬಿಡೋಕೆ ಏಳೆಂಟು ವರ್ಷ ಬೇಕು, ಬಿಟ್ಟರೂ ತಾಯಿಗಿಡದ ಬಣ್ಣ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಅದೇ ಹೂವು ಬೇಕಂದ್ರೆ ಬಾಳೆಯ ಕಂದಿನ ಥರ ಗೆಡ್ಡೆ ಪಕ್ಕದಲ್ಲಿ ಹುಟ್ಟೋ ಮರಿಗೆಡ್ಡೆಯನ್ನೇ ನೆಡಬೇಕು. ವೈರಸ್ ಹಿಡಿದ ಗೆಡ್ಡೆ ಸೊರಗಿರುತ್ತೆ, ಮರಿ ಹಾಕೋದೂ ಕಮ್ಮಿ.

ಅಂದ್ರೆ ಬೇಡಿಕೆ ಓಡ್ತಿತ್ತು, ಗಿಡ ತೆವಳ್ತಿತ್ತು.

ಭಾಗ 3/5

ಈಗ ಕಾಮರ್ಸ್ ವಿಷಯಕ್ಕೆ ಬರೋಣ. ಭಯ ಬೇಡ, ಸುಲಭ ಇದೆ.

ಟ್ಯುಲಿಪ್ ಗೆಡ್ಡೆ ಮಣ್ಣಿಂದ ಹೊರಗಿರೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಕೈಯಲ್ಲಿ ಹಿಡಿದು, ತೂಗಿ, ದುಡ್ಡು ಎಣಿಸಿಕೊಂಡು ಮಾರಬಹುದಾದ ಕಾಲ ಅಷ್ಟೇ. ಉಳಿದ ತಿಂಗಳು ಅದು ನೆಲದೊಳಗೆ. ಆದರೆ ವ್ಯಾಪಾರ ಮಾಡೋರಿಗೆ ಸುಮ್ಮನೆ ಕೂರೋಕಾಗುತ್ತಾ? 1636ರ ಚಳಿಗಾಲದ ಹೊತ್ತಿಗೆ ಹೆಂಡದಂಗಡಿಗಳಲ್ಲಿ ಕೂತು ಕಾಗದದ ಮೇಲೆ ಮಾರೋದು ಜೋರಾಯಿತು. "ಬೇಸಿಗೆಯಲ್ಲಿ ಗೆಡ್ಡೆ ಕಿತ್ತಾಗ ಕೊಡ್ತೀನಿ." "ಸರಿ, ಆಗ ದುಡ್ಡು ಕೊಡ್ತೀನಿ." ಕೊಂಡವನು ಅದೇ ಮಾತನ್ನ ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರೋನು. ಅವನು ಮತ್ತೊಬ್ಬನಿಗೆ. ವಹಿವಾಟಿನ ಲೆಕ್ಕದಲ್ಲಿ ಅಲ್ಲೇ ಕೈಬಿಡ್ತಿದ್ದದ್ದು ವೈನಿಗೆ ಅಂತ ಕೊಡೋ ಚಿಲ್ಲರೆ ಕಾಸು. ಈ ವ್ಯಾಪಾರಕ್ಕೆ ಡಚ್ಚರೇ ಇಟ್ಟ ಹೆಸರಿನ ಅರ್ಥ 'ಗಾಳಿ ವ್ಯಾಪಾರ'.

ನಮ್ಮ ಸಿಲಬಸ್ಸಲ್ಲಿ ಇದನ್ನ ಫಾರ್ವರ್ಡ್ ಕಾಂಟ್ರಾಕ್ಟ್ ಅಂತೀವಿ. ಅದರಲ್ಲಿ ತಪ್ಪೇನಿಲ್ಲ, ರೈತರಿಗೂ ಅನುಕೂಲ ಆಗೋ ವ್ಯವಸ್ಥೆ ಅದು. ಆದರೆ ಇಲ್ಲಿ ಮುಂಗಡ ಅಂತ ಗಟ್ಟಿ ಹಣ ಇರಲಿಲ್ಲ. ಮಾರೋ ಎಷ್ಟೋ ಜನರ ಹತ್ರ ಗೆಡ್ಡೆ ಇರಲಿಲ್ಲ, ಕೊಳ್ಳೋ ಎಷ್ಟೋ ಜನರ ಹತ್ರ ದುಡ್ಡೂ ಇರಲಿಲ್ಲ.

1637ರ ಫೆಬ್ರವರಿ ಮೊದಲ ವಾರ ಹಾರ್ಲೆಮ್ ಊರಲ್ಲಿ ಕೊಳ್ಳೋರು ಹಿಂದೆ ಸರಿದರು. ಅದೇ ವಾರ ಆಲ್ಕ್‌ಮಾರಲ್ಲಿ ವಿಂಕೆಲ್ ಮಕ್ಕಳ ಹರಾಜು ನಡೆದಿತ್ತು. ಸುದ್ದಿ ಹರಡ್ತಿದ್ದ ಹಾಗೇ ಗಾಳಿ ವ್ಯಾಪಾರ ನಿಂತೇಹೋಯಿತು.

ಭಾಗ 4/5

"ಆಮೇಲೆ ಇಡೀ ಹಾಲೆಂಡ್ ಬೀದಿಗೆ ಬಂತು" ಅಂತ ನೀವೂ ಎಲ್ಲೋ ಓದಿರಬಹುದು. ಈ ಕಥೆ ಹೆಚ್ಚು ಹರಡಿದ್ದು 1841ರಲ್ಲಿ ಚಾರ್ಲ್ಸ್ ಮ್ಯಾಕೇ ಬರೆದ ಪುಸ್ತಕದಿಂದ. ನಾವಿಕನೊಬ್ಬ ಈರುಳ್ಳಿ ಅಂದುಕೊಂಡು ದುಬಾರಿ ಗೆಡ್ಡೆ ತಿಂದುಬಿಟ್ಟ ಅನ್ನೋ ಕಥೆಯೂ ಅದರಲ್ಲಿದೆ. ಆದರೆ ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್ ಹಳೇ ಡಚ್ ದಾಖಲೆಗಳನ್ನ ಜಾಲಾಡಿ 2007ರಲ್ಲಿ ಪುಸ್ತಕ ಬರೆದರು. ಟ್ಯುಲಿಪ್‌ನಿಂದ ದಿವಾಳಿಯಾದವರ ಸಾಲುಸಾಲು ಅವರಿಗೆ ಸಿಗಲಿಲ್ಲ. ದೇಶದ ಆರ್ಥಿಕತೆ ಕುಸಿದಿರಲಿಲ್ಲ.

ಹಾಗಾದ್ರೆ ಮುರಿದಿದ್ದು ಏನು? ನಂಬಿಕೆ. ಬೇಸಿಗೆ ಬಂದಾಗ ಗೆಡ್ಡೆ ಕೊಡ್ತೀನಿ ಅಂದೋರಿಗೆ ಕೊಳ್ಳೋರಿಲ್ಲ, ತಗೋತೀನಿ ಅಂದೋರು ಬಾಗಿಲು ತೆಗೆಯಲ್ಲ. ಪರಿಚಯದವರು, ಒಂದೇ ಬೀದಿಯವರು, ನೆಂಟರು, ಇವರ ನಡುವೆಯೇ ಜಗಳ. ಕೊನೆಗೆ 1638ರಲ್ಲಿ ಹಾರ್ಲೆಮ್ ನಗರಾಡಳಿತ ಒಂದು ದಾರಿ ಹೇಳಿತು: ಒಪ್ಪಿದ ಬೆಲೆಯ ಶೇ. 3.5 ಕೊಟ್ಟು ಕೊಂಡವನು ಒಪ್ಪಂದದಿಂದ ಹೊರಬರಬಹುದು. 1,000 ಗಿಲ್ಡರ್ ಬರುತ್ತೆ ಅಂತ ಕಾದಿದ್ದ ಬೆಳೆಗಾರನ ಕೈಗೆ 35 ಗಿಲ್ಡರ್, ಜೊತೆಗೆ ಅವನದೇ ಗೆಡ್ಡೆ ವಾಪಸ್.

ಇಲ್ಲಿ ಒಂದು ವಿಷಯ ಗಮನಿಸಿ. ಬೆಳೆದವನಿಗೆ ಕೊನೆಗೆ ಗೆಡ್ಡೆಯಾದರೂ ಉಳೀತು. ಬರೀ ಮಾತು ಕೊಂಡು ಮಾತು ಮಾರಿದವನಿಗೆ ಅದೂ ಇಲ್ಲ.

ಭಾಗ 5/5

ಈಗ ನಿಮ್ಮ ಟೆರೇಸಿಗೆ ಬರೋಣ. ಲಾಕ್‌ಡೌನ್ ಟೈಮಲ್ಲಿ ಬಿಳಿ ಮಚ್ಚೆಯ ಮಾನ್‌ಸ್ಟೆರಾ ಗಿಡಗಳ ಬೆಲೆ ಹೇಗೆ ಏರಿತ್ತು ನೆನಪಿದೆಯಾ? ಒಂದೊಂದು ಎಲೆ ಇರೋ ಕಟಿಂಗೇ ಸಾವಿರಾರು ರೂಪಾಯಿ. ಆಮೇಲೆ ಎಲ್ಲರೂ ಕಟಿಂಗ್ ಮಾಡಿದರು, ಇಂಥ ಮಚ್ಚೆಯ ಗಿಡಗಳು ಟಿಶ್ಯೂ ಕಲ್ಚರ್‌ನಲ್ಲೂ ಬಂದವು, ಬೆಲೆ ಇಳೀತು. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಒಂದು ಪುಟ್ಟ ಲೆಕ್ಕ ಹಾಕಿ: ಒಂದು ಗಿಡ ವರ್ಷಕ್ಕೆ ಎರಡು ಮರಿ ಕೊಡುತ್ತೆ, ಆ ಮರಿಗಳೂ ಹಾಗೇ ಕೊಡ್ತಾವೆ ಅಂದುಕೊಳ್ಳಿ. 1 ಇದ್ದದ್ದು 3, 9, 27, ನಾಲ್ಕನೇ ವರ್ಷಕ್ಕೆ 81. ನಿಮ್ಮ ಹತ್ರ 81 ಅಂದ್ರೆ, ನಿಮ್ಮ ಜೊತೆಗೇ ಕೊಂಡ ಇನ್ನೊಬ್ಬರ ಹತ್ರವೂ 81. ಗಿಡ ಚೆನ್ನಾಗಿ ಬೆಳೆದಷ್ಟೂ ಬೆಲೆ ಇಳಿಯುತ್ತೆ. ಬೆಲೆ ನಿಲ್ಲಬೇಕಂದ್ರೆ ಗಿಡ ನಿಧಾನ ಬೆಳೀಬೇಕು, ಆಗ ಮಾರೋಕೆ ನಿಮ್ಮ ಹತ್ರ ಹೆಚ್ಚು ಇರಲ್ಲ.

ಹಾಗಾಗಿ ದುಬಾರಿ ಗಿಡ ಸಾಲ ಮಾಡಿ ತಂದು "ಮರಿ ಮಾರಿ ಅಸಲು ಎತ್ತುತೀನಿ" ಅನ್ನೋ ಮುಂಚೆ ಇವತ್ತಿನ ಬೆಲೆಯಿಂದ ಲೆಕ್ಕ ಹಾಕಬೇಡಿ. ಮರಿ ರೆಡಿಯಾಗೋ ಹೊತ್ತಿಗೆ ಬೆಲೆ ಅರ್ಧಕ್ಕೆ ಇಳಿದಿರುತ್ತೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಕುಂಡ, ಗೊಬ್ಬರ, ಪ್ಯಾಕಿಂಗ್, ಕೊರಿಯರ್, ದಾರಿಯಲ್ಲಿ ಕೊಳೆತು ಹೋಗೋದು, ಎಲ್ಲ ಕಳೀರಿ. ಆಗಲೂ ಕೈಯಲ್ಲಿ ಒಂದಿಷ್ಟು ಉಳಿದರೆ ಧೈರ್ಯವಾಗಿ ಮಾಡಿ. ಇನ್ನೂ ಬೇರು ಬಿಡದ ಕಟಿಂಗ್‌ಗೆ ಅಡ್ವಾನ್ಸ್ ತಗೋಬೇಡಿ, ಕೊಡಲೂಬೇಡಿ. ಬೇರು ಬಂದ ಗಿಡ, ಇವತ್ತಿನ ಫೋಟೋ, ಕೈಗೆ ಸೇರಿದ ಮೇಲೆ ದುಡ್ಡು. ಗೆಳತಿಯರ ಜೊತೆ ವ್ಯಾಪಾರ ಮಾಡೋ ನನಗೆ ಇದೇ ಮುಖ್ಯ. ಗಿಡ ಸತ್ತರೆ ಇನ್ನೊಂದು ನೆಡಬಹುದು, ಹಾರ್ಲೆಮ್‌ನ ನೆರೆಹೊರೆಯವರ ಥರ ಮುಖ ತಿರುಗಿಸಿಕೊಂಡು ಓಡಾಡೋಕೆ ನನಗಿಷ್ಟ ಇಲ್ಲ.

ಅಂದಹಾಗೆ, ಡಚ್ಚರು 1637 ಆದ ಮೇಲೂ ಟ್ಯುಲಿಪ್ ಬೆಳೆಯೋದು ಬಿಡಲಿಲ್ಲ. ಶ್ರೀನಗರದ ಟ್ಯುಲಿಪ್ ತೋಟದ ಫೋಟೋಗಳಿಗೆ ನೀವು ಲೈಕ್ ಒತ್ತುತೀರಲ್ಲ, ಆ ಗೆಡ್ಡೆಗಳೂ ನೆದರ್ಲೆಂಡ್ಸ್‌ನಿಂದ ತರಿಸಿದವೇ.

ನಿಮ್ಮ ಮನೇಲಿ ಅತಿ ಹೆಚ್ಚು ಮರಿ ಹಾಕೋ ಗಿಡ ಯಾವುದು? ಮಾರಿದ್ದೀರಾ, ಹಂಚಿದ್ದೀರಾ? ಕಾಮೆಂಟಲ್ಲಿ ಹೇಳಿ. ಗಿಡ ಕೊಳ್ಳೋಕೆ ಹೊರಟಿರೋ ಫ್ರೆಂಡಿಗೆ ಭಾಗ 3 ಕಳಿಸಿ.

#ಕನ್ನಡ #ಇತಿಹಾಸ #ಕೈತೋಟ #ಗಿಡಪ್ರೀತಿ #ಬಿಕಾಂ